ಚೀಟಿ ಒಂದೇ ಸಲ, ಸರದಿ ಪ್ರತಿ ಸಲ

ಶೂಟಿಂಗ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸಿನಿಮಾ ಶೂಟಿಂಗ್. ಸ್ವಲ್ಪ ಕ್ರೀಡೆ ಫಾಲೋ ಮಾಡೋರಿಗೆ ಒಲಿಂಪಿಕ್ಸ್ ನೆನಪಾಗಬಹುದು. ನಾವು ಈ ಸಲ ಬರೀತಿರೋದು ಇವೆರಡೂ ಅಲ್ಲದ ಮೂರನೇ ಶೂಟಿಂಗ್ ಬಗ್ಗೆ. ಅದರ ಹೆಸರು ಪ್ರಾಕ್ಟಿಕಲ್ ಶೂಟಿಂಗ್. ಹಾಸ್ಟೆಲ್‌ನಲ್ಲಿ ಇದರ ವಿಡಿಯೋ ನೋಡೋ ಒಂದು ಸಣ್ಣ ಗುಂಪು ನಮ್ಮದು. ಎನ್‌ಸಿಸಿಯಲ್ಲಿ ರೈಫಲ್ ಮುಟ್ಟಿದವರನ್ನ ಬಿಟ್ರೆ ನಮ್ಮಲ್ಲಿ ಯಾರೂ ಗನ್ ಹಿಡಿದವರಲ್ಲ, ಹಿಡಿಯೋ ಆಸೆ ಹುಟ್ಟಿಸೋದಕ್ಕೂ ಇದನ್ನ ಬರೀತಿಲ್ಲ. ಆ ಆಟದಲ್ಲಿ ಪ್ರತಿ ಪಂದ್ಯದ ದಿನವೂ ಏಳೋ ಒಂದು ಪುಟ್ಟ ಪ್ರಶ್ನೆ ನಮ್ಮನ್ನ ಹಿಡಿದು ನಿಲ್ಲಿಸಿದೆ: ಹತ್ತು ಜನರ ಗುಂಪಿನಲ್ಲಿ ಮೊದಲು ಯಾರು ಹೊಡೀಬೇಕು?

ಯಾರಾದರೇನು, ಎಲ್ಲರಿಗೂ ಒಂದೊಂದು ಸರದಿ ಸಿಗತ್ತಲ್ವಾ ಅಂತ ನಿಮಗೆ ಅನ್ನಿಸಬಹುದು. ಸಿಗತ್ತೆ, ಆದರೆ ಎಲ್ಲ ಸರದಿಯೂ ಒಂದೇ ತೂಕದ್ದಲ್ಲ. ಅದು ಯಾಕೆ ಅಂತ ತಿಳಿಯೋಕೆ ಮೊದಲು ಆಟ ಗೊತ್ತಾಗಬೇಕು.

ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆ ನೆನಪಿಸಿಕೊಳ್ಳಿ. ಅಲ್ಲಿ ಎಲ್ಲರೂ ಸಾಲಾಗಿ ನಿಂತು ಒಟ್ಟಿಗೇ ಗುರಿ ಇಡ್ತಾರೆ. ಮೊದಲು ಯಾರು ಅನ್ನೋ ಜಗಳವೇ ಇಲ್ಲ. ಪ್ರಾಕ್ಟಿಕಲ್ ಶೂಟಿಂಗ್ ಕಥೆ ಬೇರೆ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಲ್ಲಿ ನಡೆದ ಒಂದು ಸಭೆಯಲ್ಲಿ ಇದರ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಅಮೆರಿಕದಲ್ಲಿ ಇದನ್ನ ನಡೆಸೋ ಸಂಸ್ಥೆ ಯುಎಸ್‌ಪಿಎಸ್‌ಎ. ನಿಖರತೆ, ಶಕ್ತಿ, ವೇಗ ಈ ಮೂರೂ ಒಟ್ಟಿಗೆ ಇರಬೇಕು ಅನ್ನೋದು ಆಟದ ಧ್ಯೇಯ.

ಪಂದ್ಯದಲ್ಲಿ ಹಲವು ಸ್ಟೇಜ್‌ಗಳಿರತ್ತೆ. ಒಂದು ಸ್ಟೇಜ್ ಅಂದ್ರೆ ಮರದ ಗೋಡೆ, ಕಿಟಕಿ, ಡ್ರಮ್ ಎಲ್ಲ ಇಟ್ಟು ಕಟ್ಟಿದ ಒಂದು ಅಂಗಳ. ಅದರೊಳಗೆ ಅಲ್ಲಲ್ಲಿ ರಟ್ಟಿನ ಟಾರ್ಗೆಟ್, ಹೊಡೆದ್ರೆ ಬೀಳೋ ಉಕ್ಕಿನ ಪ್ಲೇಟ್, ಕೆಲವು ಕಡೆ ಲೋಲಕದ ಹಾಗೆ ತೂಗಾಡೋ ಟಾರ್ಗೆಟ್. ಟೈಮರ್ ಬೀಪ್ ಅಂದ ಕೂಡಲೇ ಒಬ್ಬ ಶೂಟರ್ ಓಡುತ್ತಾ, ನಿಲ್ಲುತ್ತಾ, ಬಾಗುತ್ತಾ ಎಲ್ಲ ಟಾರ್ಗೆಟ್ ಹೊಡೆದು ಮುಗಿಸಬೇಕು. ಹಿಂದೆಯೇ ಟೈಮರ್ ಹಿಡಿದು ರೇಂಜ್ ಆಫೀಸರ್ ಇರ್ತಾರೆ. ಒಂದು ಸಲಕ್ಕೆ ಒಬ್ಬರು ಮಾತ್ರ. ಆ ಒಬ್ಬರು ಮುಗಿಸಿದ ಮೇಲೆ ಸ್ಕ್ವಾಡ್‌ನ ಉಳಿದವರು ಹೋಗಿ ರಟ್ಟಿನ ತೂತುಗಳಿಗೆ ಸ್ಟಿಕ್ಕರ್ ಅಂಟಿಸಿ, ಬಿದ್ದ ಪ್ಲೇಟ್ ಎತ್ತಿ ನಿಲ್ಲಿಸಿ, ಮುಂದಿನವರಿಗೆ ಅಂಗಳ ಸಿದ್ಧ ಮಾಡ್ತಾರೆ. ಸ್ಕ್ವಾಡ್‌ನಲ್ಲಿ ಎಲ್ಲರೂ ಹೊಡೆದಾದ ಮೇಲೆ ಇಡೀ ಗುಂಪು ಮುಂದಿನ ಸ್ಟೇಜ್‌ಗೆ ಹೋಗತ್ತೆ.

ಇನ್ನು ಅಂಕದ ಲೆಕ್ಕ. ರಟ್ಟಿನ ಟಾರ್ಗೆಟ್‌ನಲ್ಲಿ ಆಲ್ಫಾ, ಚಾರ್ಲಿ, ಡೆಲ್ಟಾ ಅಂತ ವಲಯಗಳಿವೆ. ಕಡಿಮೆ ಶಕ್ತಿಯ ಗುಂಡು ಬಳಸೋರಿಗೆ ಇವಕ್ಕೆ ಕ್ರಮವಾಗಿ 5, 3, 1 ಅಂಕ. ಒಟ್ಟು ಅಂಕವನ್ನ ತಗೊಂಡ ಸಮಯದಿಂದ ಭಾಗಿಸಿದ್ರೆ ಬರೋದು ಹಿಟ್ ಫ್ಯಾಕ್ಟರ್. ಸ್ಟೇಜ್‌ನಲ್ಲಿ ಯಾರ ಹಿಟ್ ಫ್ಯಾಕ್ಟರ್ ಜಾಸ್ತಿಯೋ ಅವರಿಗೆ ಆ ಸ್ಟೇಜ್‌ನ ಪೂರ್ತಿ ಅಂಕ, ಉಳಿದವರಿಗೆ ಅವರ ಅನುಪಾತದಲ್ಲಿ.

ಒಂದು ಉದಾಹರಣೆ ತಗೊಳ್ಳೋಣ. 32 ಗುಂಡಿನ ದೊಡ್ಡ ಸ್ಟೇಜ್, ಪೂರ್ತಿ ಅಂಕ 160. ಇಬ್ಬರು ಶೂಟರ್‌ಗಳೂ 150 ಅಂಕ ಹೊಡೆದರು ಅಂತಿಟ್ಕೊಳ್ಳಿ. ಒಬ್ಬರು 20 ಸೆಕೆಂಡಿನಲ್ಲಿ ಮುಗಿಸಿದ್ರು, ಹಿಟ್ ಫ್ಯಾಕ್ಟರ್ 7.5. ಇನ್ನೊಬ್ಬರು ಮಧ್ಯೆ ಎಲ್ಲೋ ಒಂದು ಕ್ಷಣ ತಡವರಿಸಿ 21 ಸೆಕೆಂಡ್ ತಗೊಂಡ್ರು, ಹಿಟ್ ಫ್ಯಾಕ್ಟರ್ 7.14. ಮೊದಲನೆಯವರಿಗೆ 160 ಸಿಕ್ಕರೆ ಎರಡನೆಯವರಿಗೆ ಸುಮಾರು 152.4. ಒಂದೇ ಸೆಕೆಂಡಿಗೆ ಏಳೂವರೆ ಅಂಕ ಹೋಯ್ತು. ನಾಲ್ಕು ಗುಂಡು ಆಲ್ಫಾದಿಂದ ಚಾರ್ಲಿಗೆ ಜಾರಿದಷ್ಟೇ ನಷ್ಟ ಇದು.

ಈಗ ಕೇಳಿ, ಆ ಒಂದು ಸೆಕೆಂಡಿನ ತಡವರಿಕೆ ಯಾರಿಗೆ ಬರೋ ಸಾಧ್ಯತೆ ಜಾಸ್ತಿ? ಮೊದಲು ಹೊಡೆಯೋರಿಗೆ. ಸ್ಕ್ವಾಡ್ ಒಂದು ಸ್ಟೇಜ್‌ಗೆ ಬಂದ ಮೇಲೆ ನಿಯಮ ಓದಿ ಹೇಳ್ತಾರೆ, ಆಮೇಲೆ ಎಲ್ಲರೂ ಅಂಗಳದೊಳಗೆ ನಡೆದು ನೋಡೋಕೆ ಕೆಲವೇ ನಿಮಿಷ ಸಿಗತ್ತೆ. ಎಲ್ಲಿ ನಿಂತರೆ ಯಾವ ಟಾರ್ಗೆಟ್ ಕಾಣತ್ತೆ, ಎಲ್ಲಿ ಮ್ಯಾಗಜಿನ್ ಬದಲಾಯಿಸೋದು, ಇದನ್ನೆಲ್ಲ ಆ ನಿಮಿಷಗಳಲ್ಲೇ ತಲೆಯಲ್ಲಿ ಕೂರಿಸ್ಕೋಬೇಕು. ಸಮಯ ಮುಗಿದ ಕೂಡಲೇ ಮೊದಲನೆಯವರ ಹೆಸರು ಕರೀತಾರೆ. ತೂಗಾಡೋ ಟಾರ್ಗೆಟ್ ನಿಜವಾಗಿ ಎಷ್ಟು ಬೇಗ ಆಡತ್ತೆ, ಉಕ್ಕಿನ ಪ್ಲೇಟ್ ಬೀಳೋಕೆ ಎಷ್ಟು ಹೊತ್ತು, ಎಡಗಡೆಯಿಂದ ಹೋದ್ರೆ ಲಾಭವೋ ಬಲಗಡೆಯಿಂದಲೋ, ಇದ್ಯಾವುದನ್ನೂ ಅವರು ಕಣ್ಣಾರೆ ಕಂಡಿರಲ್ಲ. ಐದನೆಯವರು ನಾಲ್ಕು ಜನರನ್ನ ನೋಡಿರ್ತಾರೆ. ಒಂಬತ್ತನೆಯವರು ಎಂಟು ಜನರ ತಪ್ಪುಗಳನ್ನ ಪುಕ್ಕಟೆಯಾಗಿ ಕಲಿತಿರ್ತಾರೆ.

ಮೊದಲಿಗರಿಗೆ ಲಾಭವೇ ಇಲ್ಲ ಅಂತಲ್ಲ. ಟಾರ್ಗೆಟ್ ಮೇಲೆ ಸ್ಟಿಕ್ಕರ್ ಕಮ್ಮಿ, ಪ್ಲೇಟ್ ಮೇಲೆ ಬಣ್ಣ ಹೊಸದು, ಕಾದು ಕಾದು ಮೈ ತಣ್ಣಗಾಗೋ ಕಷ್ಟ ಇಲ್ಲ. ಕೆಲವರಿಗೆ ಮೊದಲೇ ಹೊಡೆದು ಕೈ ತೊಳ್ಕೊಳ್ಳೋದು ಇಷ್ಟ. ಕೊನೆಯವರಿಗೂ ಅವರದೇ ಕಷ್ಟ ಇದೆ. ಬಿಸಿಲು ಏರಿರತ್ತೆ, ಒಂಬತ್ತು ಸಲ ಸ್ಟಿಕ್ಕರ್ ಅಂಟಿಸಿ ಕಾಲು ಸೋತಿರತ್ತೆ, ಮಧ್ಯೆ ಮಳೆ ಬಂದ್ರೆ ಟಾರ್ಗೆಟ್‌ಗೆ ಪ್ಲಾಸ್ಟಿಕ್ ಚೀಲ ಹಾಕಿರ್ತಾರೆ. ಅಂದ್ರೆ ಪ್ರತಿ ಜಾಗಕ್ಕೂ ಅದರದ್ದೇ ಬೆಲೆ ಇದೆ. ಆ ಬೆಲೆಯನ್ನ ಯಾವಾಗಲೂ ಒಬ್ಬರೇ ಕಟ್ಟಬಾರದು ಅನ್ನೋದಷ್ಟೇ ನಾವು ಹೇಳೋದು.

ಇದು ನಾವು ಹುಟ್ಟಿಸಿದ ತಲೆಬಿಸಿ ಅಲ್ಲ. ಅಮೆರಿಕದ ರಾಷ್ಟ್ರೀಯ ಪಂದ್ಯಗಳಲ್ಲಿ ಅತಿ ದೊಡ್ಡ ಶೂಟರ್‌ಗಳನ್ನ ಸೂಪರ್ ಸ್ಕ್ವಾಡ್ ಅಂತ ಒಂದೇ ಗುಂಪಿಗೆ ಹಾಕೋ ರೂಢಿ ಇದೆ. ಪ್ರಶಸ್ತಿಗೆ ಪೈಪೋಟಿ ಮಾಡೋರಿಗೆ ಒಂದೇ ಬಿಸಿಲು, ಒಂದೇ ಗಾಳಿ, ಒಂದೇ ಹೊತ್ತು ಸಿಗಲಿ ಅಂತ. ಸ್ಕ್ವಾಡ್‌ಗಳ ನಡುವೆ ನ್ಯಾಯ ಇಷ್ಟು ಮುಖ್ಯ ಆದ್ರೆ, ಸ್ಕ್ವಾಡ್‌ನ ಒಳಗಿನ ನ್ಯಾಯ ಯಾಕೆ ಮುಖ್ಯ ಅಲ್ಲ?

ಸರದಿ ತೀರ್ಮಾನಿಸೋಕೆ ನಾಲ್ಕು ದಾರಿಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೇದು, ಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೇ ಪ್ರತಿ ಸ್ಟೇಜ್‌ನಲ್ಲೂ ಕರೆಯೋದು. ಸುಲಭ, ಆದರೆ ಅನ್ಯಾಯ. ವರ್ಣಮಾಲೆಯಲ್ಲಿ ಮೊದಲ ಅಕ್ಷರದ ಹೆಸರಿಟ್ಟ ಅಪ್ಪ ಅಮ್ಮನ ಫಲವನ್ನ ಮಗ ಎಂಟು ಸ್ಟೇಜ್‌ನಲ್ಲೂ ಉಣ್ಣಬೇಕು.

ಎರಡನೇದು, "ಯಾರು ಮೊದಲು ಹೋಗ್ತೀರಾ?" ಅಂತ ಕೇಳೋದು. ಕೇಳೋಕೆ ತುಂಬಾ ಪ್ರಜಾಪ್ರಭುತ್ವದ ಹಾಗಿದೆ. ನಡೆಯೋದು ಮಾತ್ರ ಬೇರೆ. ಕೇಳಿದಾಗ ಎಲ್ಲರೂ ಶೂ ಲೇಸ್ ನೋಡ್ಕೊಂಡು ನಿಲ್ತಾರೆ. ಕೊನೆಗೆ ದಾಕ್ಷಿಣ್ಯದ ಮನುಷ್ಯ ಒಬ್ಬ ಇರ್ತಾನಲ್ಲ, ಅವನೇ ಪ್ರತಿ ಸಲ ಹೋಗ್ತಾನೆ. ನಾಚಿಕೆ ಇಲ್ಲದವರಿಗೆ ಲಾಭ, ಒಳ್ಳೆಯವರಿಗೆ ನಷ್ಟ ಮಾಡೋ ನಿಯಮವನ್ನ ನ್ಯಾಯ ಅನ್ನೋಕಾಗಲ್ಲ.

ಮೂರನೇದು, ಪ್ರತಿ ಸ್ಟೇಜ್‌ಗೂ ಹೊಸದಾಗಿ ಚೀಟಿ ಎತ್ತೋದು. ಈಗ ಅಂಕಗಳನ್ನ ಪ್ರಾಕ್ಟಿಸ್ಕೋರ್ ಥರದ ಆ್ಯಪ್‌ನಲ್ಲಿ ಬರ್ಕೊಳ್ತಾರೆ, ಹೆಸರುಗಳನ್ನ ಕಲಸೋದು ಕಂಪ್ಯೂಟರ್‌ಗೆ ಕ್ಷಣದ ಕೆಲಸ. ಚೀಟಿ ಅಂದ್ರೆ ಪಕ್ಷಪಾತ ಇಲ್ಲ, ಹಾಗಾಗಿ ಇದೇ ಅತಿ ನ್ಯಾಯದ ದಾರಿ ಅಂತ ಬಹಳ ಜನ ನಂಬ್ತಾರೆ. ನಮ್ಮ ನಿಜವಾದ ತಕರಾರು ಇರೋದು ಇಲ್ಲೇ.

ಹತ್ತು ಜನ, ಎಂಟು ಸ್ಟೇಜ್. ಪ್ರತಿ ಸಲ ಹೊಸ ಚೀಟಿ. ಎಂಟು ಸ್ಟೇಜ್‌ನಲ್ಲೂ ಮೊದಲಿಗರು ಬೇರೆ ಬೇರೆಯವರೇ ಆಗೋ ಸಾಧ್ಯತೆ ಎಷ್ಟು? 10 × 9 × 8 × 7 × 6 × 5 × 4 × 3 ಅನ್ನ 10ರ ಎಂಟನೇ ಘಾತದಿಂದ ಭಾಗಿಸಿ. 0.018 ಬರತ್ತೆ. ನೂರಕ್ಕೆ ಎರಡೂ ಇಲ್ಲ. ಅಂದ್ರೆ ನೂರು ಪಂದ್ಯ ನಡೆದ್ರೆ 98ರಲ್ಲಿ ಯಾರಾದ್ರೂ ಒಬ್ಬರು ಎರಡು ಸಲವಾದ್ರೂ ಮೊದಲು ನಿಂತಿರ್ತಾರೆ. ಕ್ಲಾಸ್‌ನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರೋ ಲೆಕ್ಕ ಮಾಡಿದ್ವಲ್ಲ, ಅದೇ ಇದು. ಇನ್ನೊಂದು ಕಡೆಯಿಂದ ನೋಡಿ. ಒಬ್ಬ ನಿರ್ದಿಷ್ಟ ಶೂಟರ್ ಒಂದು ಸಲವೂ ಮೊದಲು ನಿಲ್ಲದೇ ಪಾರಾಗೋ ಸಾಧ್ಯತೆ 0.9ರ ಎಂಟನೇ ಘಾತ, ಸುಮಾರು ಶೇ. 43. ಎರಡು ಅಥವಾ ಹೆಚ್ಚು ಸಲ ಸಿಕ್ಕಿಹಾಕಿಕೊಳ್ಳೋ ಸಾಧ್ಯತೆ ಸುಮಾರು ಶೇ. 19.

"ಲಾಂಗ್ ರನ್‌ನಲ್ಲಿ ಎಲ್ಲ ಸಮ ಆಗತ್ತೆ" ಅಂತ ಯಾರಾದ್ರೂ ಹೇಳಬಹುದು. ಲಾಂಗ್ ರನ್ ಅಂದ್ರೆ ಸಾವಿರಾರು ಸಲ. ಪಂದ್ಯದಲ್ಲಿ ಇರೋದು ಎಂಟು. ಚೀಟಿ ಎತ್ತುವಾಗ ಎಲ್ಲರಿಗೂ ಸಮಾನ ಅವಕಾಶ ಇತ್ತು ನಿಜ, ಆದರೆ ಸಂಜೆ ಮನೆಗೆ ಹೋಗುವಾಗ ಹೊರೆ ಸಮಾನವಾಗಿ ಹಂಚಿರಲ್ಲ. ಮತ್ತೊಂದು ತೊಂದರೆ: ಒಂದು ಸ್ಟೇಜ್‌ನಲ್ಲಿ ಕೊನೆಗೆ ಹೊಡೆದವರ ಹೆಸರು ಮುಂದಿನ ಸ್ಟೇಜ್‌ನಲ್ಲಿ ಮೊದಲೇ ಬರಬಹುದು. ಖಾಲಿ ಮ್ಯಾಗಜಿನ್‌ಗಳಿಗೆ ಗುಂಡು ತುಂಬಬೇಕಾ, ಹೊಸ ಅಂಗಳ ನಡೆದು ನೋಡಬೇಕಾ? ಪಾಪ.

ನಾಲ್ಕನೇದು, ನಾವು ವಕಾಲತ್ತು ಮಾಡೋ ದಾರಿ. ಬೆಳಿಗ್ಗೆ ಒಂದೇ ಸಲ ಚೀಟಿ ಎತ್ತಿ ಪಟ್ಟಿ ಮಾಡಿ. ಆಮೇಲೆ ಪ್ರತಿ ಸ್ಟೇಜ್ ಮುಗಿದಾಗ ಮೇಲಿನ ಕೆಲವು ಹೆಸರು ಪಟ್ಟಿಯ ಕೆಳಕ್ಕೆ ಹೋಗಲಿ. ಪಟ್ಟಿ ಉರುಳ್ತಾ ಇರಲಿ.

ಎಷ್ಟು ಹೆಸರು ಉರುಳಬೇಕು? ಒಂದೊಂದೇ ಉರುಳಿಸಿದ್ರೂ ಮೊದಲಿಗರು ಬೇರೆ ಬೇರೆ ಆಗ್ತಾರೆ. ಆದರೆ ಆಗ ಒಬ್ಬರ ಜಾಗ 3, 2, 1 ಅಂತ ಸತತ ಮೂರು ಸ್ಟೇಜ್‌ನಲ್ಲಿ ಮುಂದೇ ಇರತ್ತೆ, ಇನ್ನೊಬ್ಬರದ್ದು 10, 9, 8 ಅಂತ ಹಿಂದೇ ಇರತ್ತೆ. ಮೂರು ಮೂರು ಉರುಳಿಸಿ ನೋಡಿ. ಹತ್ತು ಜನರ ಸ್ಕ್ವಾಡ್‌ನಲ್ಲಿ ಮೊದಲಿಗರಾಗೋರು ಕ್ರಮವಾಗಿ 1, 4, 7, 10, 3, 6, 9, 2ನೇ ಹೆಸರಿನವರು. ಎಂಟು ಸ್ಟೇಜ್, ಎಂಟು ಬೇರೆ ಜನ. ಪಟ್ಟಿಯಲ್ಲಿ ಏಳನೆಯವರ ಜಾಗ 7, 4, 1, 8, 5, 2, 9, 6 ಅಂತ ಓಡತ್ತೆ, ಮುಂದೆ ಹಿಂದೆ ಚೆನ್ನಾಗಿ ಕಲಸಿಕೊಂಡು. ಮೊದಲು ನಿಲ್ಲೋರು ಹಿಂದಿನ ಸ್ಟೇಜ್‌ನಲ್ಲಿ ಯಾವಾಗಲೂ ನಾಲ್ಕನೆಯವರೇ ಆಗಿರ್ತಾರೆ, ಹಾಗಾಗಿ ಅವರ ನಂತರ ಆರು ಜನ ಹೊಡೆಯೋವಷ್ಟು ಹೊತ್ತು ಮ್ಯಾಗಜಿನ್ ತುಂಬೋಕೆ ಸಿಗತ್ತೆ.

ಆದರೆ ಇಲ್ಲೊಂದು ಗುಂಡಿ ಇದೆ, ಎಂಜಿನಿಯರಿಂಗ್ ಓದೋರು ಬೀಳಬಾರದು. ಸ್ಕ್ವಾಡ್‌ನಲ್ಲಿ ಒಂಬತ್ತು ಜನ ಇದ್ದು ಮೂರು ಮೂರು ಉರುಳಿಸಿದ್ರೆ ಏನಾಗತ್ತೆ? 1, 4, 7, ಮತ್ತೆ 1, 4, 7, ಮತ್ತೆ 1, 4. ಇಬ್ಬರು ಮೂರು ಮೂರು ಸಲ, ಒಬ್ಬರು ಎರಡು ಸಲ, ಉಳಿದ ಆರು ಜನ ಒಂದು ಸಲವೂ ಇಲ್ಲ! ಉರುಳಿಸಿದ ಹಾಗೂ ಇದೆ, ಉರುಳಲೂ ಇಲ್ಲ. ಕಾರಣ 9 ಮತ್ತು 3ಕ್ಕೆ ಸಾಮಾನ್ಯ ಅಪವರ್ತನ ಇರೋದು. ಹೈಸ್ಕೂಲಲ್ಲಿ ಮ.ಸಾ.ಅ. ಕಲಿತಾಗ ಇದು ಯಾವ ಕೆಲಸಕ್ಕೆ ಬರತ್ತೆ ಅಂತ ಕೇಳಿದ್ವಲ್ಲ, ಇಗೋ ಇಲ್ಲಿಗೆ ಬರತ್ತೆ. ಸ್ಕ್ವಾಡ್ ಸಂಖ್ಯೆಗೂ ಹೆಜ್ಜೆಗೂ ಮ.ಸಾ.ಅ. 1 ಇರಬೇಕು. ಒಂಬತ್ತು ಜನರಿಗೆ ಎರಡು ಎರಡು ಉರುಳಿಸಿ, ಹನ್ನೆರಡು ಜನರಿಗೆ ಐದು ಐದು. ಮಧ್ಯೆ ಯಾರಾದ್ರೂ ಸುರಕ್ಷತಾ ನಿಯಮ ಮುರಿದು ಪಂದ್ಯದಿಂದ ಹೊರಗೆ ಹೋದ್ರೆ, ಪಟ್ಟಿಯಲ್ಲಿ ಅವರ ಜಾಗ ಖಾಲಿ ಬಿಡಿ, ತೆಗೀಬೇಡಿ. ಆ ಖಾಲಿ ಜಾಗ ಮೇಲೆ ಬಂದಾಗ ಅದರ ಕೆಳಗಿನವರು ಒಂದು ಸಲ ಜಾಸ್ತಿ ಮೊದಲು ನಿಲ್ಲಬೇಕಾಗಬಹುದು. ಇಡೀ ಚಕ್ರ ಕೆಡೋದಕ್ಕಿಂತ ಅದು ವಾಸಿ.

ಈ ವಾದಕ್ಕೆ ಎದುರು ಮಾತುಗಳೂ ಇವೆ.

ಒಂದು, "ಒಳ್ಳೆ ಶೂಟರ್ ಯಾವ ಸರದಿಯಲ್ಲಾದ್ರೂ ಹೊಡೀತಾನೆ, ಸರದಿ ಬಗ್ಗೆ ಮಾತಾಡೋದು ಸೋತವರ ನೆಪ." ಒಳ್ಳೆಯವರು ಹೊಡೀತಾರೆ, ಒಪ್ಪಿದ್ವಿ. ಆದರೆ ಸಮಬಲರು ಇಬ್ಬರು ಇದ್ದಾಗ ಪ್ರಶ್ನೆ ಬರೋದು. ಒಂದು ಸೆಕೆಂಡಿಗೆ ಏಳೂವರೆ ಅಂಕ ಹೋಗೋ ಆಟದಲ್ಲಿ ಇಬ್ಬರ ನಡುವಿನ ಅಂತರ ಅದಕ್ಕಿಂತ ಕಮ್ಮಿ ಇದ್ರೆ, ಗೆದ್ದಿದ್ದು ಕೌಶಲವೋ ಪಟ್ಟಿಯೋ ಅಂತ ಹೇಗೆ ಹೇಳ್ತೀರಾ?

ಎರಡು, "ಹೊಸಬರನ್ನ ಮೊದಲು ನಿಲ್ಲಿಸೋದು ಸರಿಯಲ್ಲ." ಇದು ನ್ಯಾಯವಾದ ಮಾತು. ಜೀವನದ ಮೊದಲ ಪಂದ್ಯಕ್ಕೆ ಬಂದವರು ಕೈಯಲ್ಲಿ ನಿಜವಾದ ಗನ್ ಹಿಡಿದು ಗಾಬರಿಯಾದ್ರೆ ಅದು ಅಂಕದ ವಿಷಯ ಅಲ್ಲ, ಪ್ರಾಣದ ವಿಷಯ. ಅವರಿಗೆ ಆ ದಿನದ ಮಟ್ಟಿಗೆ ವಿನಾಯಿತಿ ಇರಲಿ. ಆದರೆ ಆ ವಿನಾಯಿತಿಯನ್ನ ಬೆಳಿಗ್ಗೆಯೇ ಎಲ್ಲರ ಮುಂದೆ ಹೇಳಬೇಕು, ಮೂರನೇ ಪಂದ್ಯದಲ್ಲೂ ಅದನ್ನೇ ಕೇಳ್ಕೊಂಡು ಬರಬಾರದು.

ಮೂರು, "ಅದಲು ಬದಲು ಮಾಡ್ಕೊಂಡ್ರೆ ಏನಾಗತ್ತೆ?" ಇಬ್ಬರೂ ಒಪ್ಪಿದ್ರೆ ಮಾಡ್ಕೊಳ್ಳಲಿ. ಆದರೆ ಸ್ಟೇಜ್ ಶುರುವಾಗೋ ಮೊದಲೇ ಟ್ಯಾಬ್ಲೆಟ್ ಹಿಡಿದವರಿಗೆ ಹೇಳಬೇಕು. ಇಲ್ಲಾಂದ್ರೆ ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ ಬೀಳತ್ತೆ. ಮುಂದೆ ಯಾರು ಅಂತ ಗೊತ್ತಿದ್ದರಷ್ಟೇ ಅವರು ಸ್ಟಿಕ್ಕರ್ ಅಂಟಿಸೋದು ಬಿಟ್ಟು ಸಿದ್ಧ ಆಗೋಕೂ ಆಗೋದು. ಉರುಳೋ ಪಟ್ಟಿಯಲ್ಲಿ ನಿಮ್ಮ ಹಿಂದಿನ ಮುಂದಿನ ಹೆಸರು ಬದಲಾಗಲ್ಲ, ಹಾಗಾಗಿ "ಇವರಾದ ಮೇಲೆ ನಾನು" ಅಂತ ನೆನಪಿಟ್ಕೊಂಡ್ರೆ ಸಾಕು.

ನಾಲ್ಕನೇ ಆಕ್ಷೇಪ ಗಟ್ಟಿಯಾದದ್ದು: "ಇಷ್ಟೆಲ್ಲ ಲೆಕ್ಕ ಯಾರು ಹಾಕ್ತಾರೆ?" ಫುಟ್‌ಬಾಲ್‌ನಲ್ಲಿ ಇದೇ ಆಯ್ತು. ಪೆನಾಲ್ಟಿ ಶೂಟೌಟ್‌ನಲ್ಲಿ ಮೊದಲು ಒದೆಯೋ ತಂಡಕ್ಕೆ ಲಾಭ ಅನ್ನೋ ಅನುಮಾನದಿಂದ, ಎ ಬಿ, ಎ ಬಿ ಅನ್ನೋ ಬದಲು ಎ ಬಿ, ಬಿ ಎ ಅನ್ನೋ ಕ್ರಮವನ್ನ 2017ರಲ್ಲಿ ಪ್ರಯೋಗಕ್ಕೆ ತಂದ್ರು. ಗೊಂದಲ ಜಾಸ್ತಿ ಆಯ್ತು, ಬೆಂಬಲವೂ ಸಿಗಲಿಲ್ಲ ಅಂತ 2018ರಲ್ಲಿ ಕೈಬಿಟ್ರು. ಪಾಠ ಇಷ್ಟೇ: ನ್ಯಾಯದ ನಿಯಮ ಒಂದೇ ಉಸಿರಲ್ಲಿ ಹೇಳೋ ಹಾಗಿರಬೇಕು. "ಮೇಲಿನ ಮೂವರು ಕೆಳಗೆ" ಅನ್ನೋದಕ್ಕೆ ಎಷ್ಟು ಉಸಿರು ಬೇಕು?

ನಮ್ಮ ಬೀದಿ ಕ್ರಿಕೆಟ್‌ನಲ್ಲೂ ಅರ್ಧ ನ್ಯಾಯ ಇತ್ತು. ನೆಲದ ಮೇಲೆ ಗೆರೆ ಎಳೆದು, ನಂಬರ್ ಬರೆದು, ಬ್ಯಾಟ್ ಮುಚ್ಚಿಟ್ಟು, ಒಬ್ಬೊಬ್ಬರೂ ಒಂದೊಂದು ಗೆರೆ ಮುಟ್ಟೋದು. ಬ್ಯಾಟ್ ಎತ್ತಿದಾಗ ಬ್ಯಾಟಿಂಗ್ ಆರ್ಡರ್ ಗೊತ್ತಾಗ್ತಿತ್ತು. ಒಂದೇ ಆಟ ಆಡೋದಾದ್ರೆ ಅದಕ್ಕಿಂತ ಒಳ್ಳೆ ಪದ್ಧತಿ ಇಲ್ಲ. ಆದರೆ ದಿನವಿಡೀ ಐದು ಆಟ ಆಡೋದಾದ್ರೆ ಪ್ರತಿ ಸಲ ಬ್ಯಾಟ್ ಮುಚ್ಚೋದಕ್ಕಿಂತ ಮೊದಲ ಪಟ್ಟಿಯನ್ನೇ ಉರುಳಿಸೋದು ನ್ಯಾಯ. ಒಂದು ಸುತ್ತಿಗೆ ಚೀಟಿ, ಹಲವು ಸುತ್ತಿಗೆ ಉರುಳು. ಚೆಸ್ ಟೂರ್ನಿಯವರು ಇದನ್ನ ಯಾವತ್ತೋ ಅರ್ಥ ಮಾಡ್ಕೊಂಡಿದಾರೆ. ಬಿಳಿ ಕಾಯಿ ಯಾರಿಗೆ ಅನ್ನೋದನ್ನ ಪ್ರತಿ ಸುತ್ತಿನಲ್ಲೂ ಅದೃಷ್ಟಕ್ಕೆ ಬಿಡಲ್ಲ, ಎಲ್ಲರಿಗೂ ಆದಷ್ಟು ಸಮನಾಗಿ ಬರೋ ಹಾಗೆ ಜೋಡಿ ಹಾಕ್ತಾರೆ.

ಇಷ್ಟು ದೂರದ ಆಟದ ಬಗ್ಗೆ ಈ ಕ್ಯಾಂಪಸ್‌ನಲ್ಲಿ ಕೂತು ಯಾಕೆ ಬರೀಬೇಕು ಅಂದ್ರೆ, ಇದೇ ಪಟ್ಟಿ ನಮ್ಮ ಲ್ಯಾಬ್ ಬಾಗಿಲಲ್ಲೂ ಅಂಟಿಸಿರತ್ತೆ. ಯುಎಸ್‌ಎನ್ ಕ್ರಮದಲ್ಲಿ ವೈವಾ. ಯುಎಸ್‌ಎನ್ ಬಂದಿರೋದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಎ ಅಕ್ಷರದ ಗೆಳೆಯರು ಒಂದನೇ ಕ್ಲಾಸಿಂದ ಇವತ್ತಿನವರೆಗೂ ಮೊದಲೇ ನಿಲ್ತಿದಾರೆ. ಏನು ಕೇಳ್ತಾರೆ ಅನ್ನೋ ಸುಳಿವಿಲ್ಲದೇ ಒಳಗೆ ಹೋಗಿ, ಹೊರಗೆ ಬಂದಾಗ "ಏನ್ ಕೇಳಿದ್ರು, ಏನ್ ಕೇಳಿದ್ರು" ಅಂತ ಮುತ್ತಿಕೊಳ್ಳೋ ನಮಗೆಲ್ಲ ಉತ್ತರ ಕೊಡೋದು ಅವರ ಕೆಲಸ. ವೈ ಅಕ್ಷರದವರು ಸಂಜೆವರೆಗೂ ಕಾರಿಡಾರಿನಲ್ಲಿ ಕೂತು, ಸುಸ್ತಾದ ಪರೀಕ್ಷಕರ ಮುಂದೆ ಹೋಗಿ, ಆಮೇಲೆ ಊರಿನ ಬಸ್ಸೂ ತಪ್ಪಿಸ್ಕೊಳ್ತಾರೆ. ಯಾರೂ ಬೇಕಂತ ಮಾಡಿದ ಅನ್ಯಾಯ ಅಲ್ಲ ಇದು. ಯಾರೂ ಯೋಚಿಸದೇ ಇರೋದ್ರಿಂದ ಉಳಿದ ಅನ್ಯಾಯ. ಶೂಟರ್‌ಗಳಾದ್ರೂ ಸರದಿ ಬಗ್ಗೆ ತಲೆ ಕೆಡಿಸ್ಕೊಳ್ತಾರೆ. ನಮಗೆ ಇಂಟರ್ನಲ್ಸ್ ಅಂಕ ಅವರ ಹಿಟ್ ಫ್ಯಾಕ್ಟರ್‌ಗಿಂತ ಕಮ್ಮಿಯಾ?

ಹಾಗಾಗಿ ಎರಡು ಸಲಹೆ. ನಮ್ಮ ಸಂಘದ ಸ್ಪರ್ಧೆಗಳಲ್ಲಿ ಆಶುಭಾಷಣದಂಥ ಒಂದೇ ಸುತ್ತಿನದ್ದಕ್ಕೆ ಚೀಟಿ ಮುಂದುವರೀಲಿ. ಹಲವು ಸುತ್ತಿನ ಸ್ಪರ್ಧೆಗಳಲ್ಲಿ ಮೊದಲ ಸುತ್ತಿಗೆ ಮಾತ್ರ ಚೀಟಿ ಎತ್ತಿ, ಆಮೇಲೆ ಪಟ್ಟಿ ಉರುಳಲಿ. ಇದು ನಮ್ಮ ಕೈಯಲ್ಲೇ ಇದೆ, ಯಾರ ಅನುಮತಿಯೂ ಬೇಡ.

ಎರಡನೇದಕ್ಕೆ ಅನುಮತಿ ಬೇಕು. ಪ್ರತಿ ಬ್ಯಾಚ್‌ನ ಸಿ.ಆರ್.ಗಳು ಲ್ಯಾಬ್ ನೋಡ್ಕೊಳ್ಳೋ ಸರ್ ಅಥವಾ ಮೇಡಂ ಹತ್ತಿರ ಹೋಗಿ ವಿನಯದಿಂದ ಕೇಳಿ. ಬ್ಯಾಚ್‌ನಲ್ಲಿ 20 ಜನ ಇದ್ರೆ ಹೆಜ್ಜೆ 7 ಇರಲಿ. ಮೊದಲ ವೈವಾ 1ನೇ ನಂಬರಿನಿಂದ, ಮುಂದಿನದು 8ರಿಂದ, ಅದರ ಮುಂದಿನದು 15ರಿಂದ, ಆಮೇಲೆ 2, 9, 16. ಅಂಕದ ಹಾಳೆಯಲ್ಲಿ ಯುಎಸ್‌ಎನ್ ಕ್ರಮ ಹಾಗೇ ಇರತ್ತೆ, ಬದಲಾಗೋದು ಒಳಗೆ ಕರೆಯೋ ಕ್ರಮ ಮಾತ್ರ. ಕಾಗದದ ಕೆಲಸ ಒಂದು ಸಾಲೂ ಜಾಸ್ತಿ ಆಗಲ್ಲ. ಮುಂದಿನ ಲ್ಯಾಬ್ ಇಂಟರ್ನಲ್ಸ್‌ಗೆ ಮೊದಲೇ ಕೇಳಿ ನೋಡಿ. 8ನೇ ನಂಬರಿನವರು ಸ್ವಲ್ಪ ಗೊಣಗಬಹುದು, ಗೊಣಗಲಿ. ಅವರ ಮುಂದಿನ ಸರದಿ ಬರೋಕೆ ಇನ್ನೂ ಹತ್ತೊಂಬತ್ತು ಜನ ಇದ್ದಾರೆ.